ಹನಮಂತಪ್ಪ ಸುಡದ ಗಿಟಾರ್

೧೯೮೬ನೆಯ ಇಸವಿ. ಧಾರವಾಡದಲ್ಲಿ ಒಂದು ಸರಕಾರಿ ನಿಗಮದ ಶಾಖೆಯಲ್ಲಿ ನಾನು ತಾಂತ್ರಿಕ ಪರಿಶೀಲಕನಾಗಿದ್ದೆ. ಸ್ವಯಂ ಉದ್ಯೋಗ ಯೋಜನೆಯಲ್ಲಿ ಬಡವರಿಗೆ ಕೊಡುವ ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಪಂಪ್‌ಸೆಟ್, ಧ್ವನಿವರ್ಧಕ ಇವುಗಳನ್ನೆಲ್ಲ ಹಂಚುವ ಮೊದಲು ಬಿಚ್ಚಿ, ತಿರುಗಿಸಿ, ಓಡಿಸಿ ನೋಡಿ ಸರಿಯಿದೆಯೋ ಇಲ್ಲವೋ ಎಂದು ವರದಿ ಕೊಡುವುದು ನನ್ನ ಕೆಲಸ. ನವಲಗುಂದ, ಕುಂದಗೋಳ, ಕಲಘಟಗಿ ತಾಲೂಕುಗಳು ನನ್ನ ಪಾಲಿಗಿದ್ದವು. ಆ ನೌಕರಿಯಲ್ಲಿ ನಾನು ಕೈಯಾಡಿಸಿದ ಸಾಮಾನುಗಳಲ್ಲಿ ಬಹಳಷ್ಟು ಮರೆತುಹೋಗಿವೆ. ಒಂದು ಬಾಸ್ ಗಿಟಾರ್ ಮಾತ್ರ ಮರೆತಿಲ್ಲ. ಅದು ನೆನಪಾದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಶಾಂತವಾಗಿ ಬರೆಯಬೇಕೆಂದು ಎರಡು ಸಲ ಕೂತು ಎದ್ದೆ, ಆಗಲಿಲ್ಲ. ಉರಿದುಕೊಂಡೇ ಬರೆಯುತ್ತಿದ್ದೇನೆ.

ಆಗ ನಮ್ಮ ಕಡೆ ಆರ್ಕೆಸ್ಟ್ರಾಗಳ ಕಾಲ. ಮದುವೆ ಇರಲಿ, ಗಣೇಶನ ಪೆಂಡಾಲ್ ಇರಲಿ, ಸಿನಿಮಾ ಹಾಡು ಹಾಡುವ ತಂಡ ಬರಲೇಬೇಕು. ಹುಬ್ಬಳ್ಳಿಯ ತಂಡಗಳು ಹಳ್ಳಿಗೆ ಬರಬೇಕಾದರೆ ನೂರೆಂಟು ಷರತ್ತು ಹಾಕುತ್ತಿದ್ದವು. ಹಳ್ಳಿಯಲ್ಲೇ ತಂಡ ಕಟ್ಟಿದರೆ ನಾಲ್ಕು ಜನಕ್ಕೆ ಹೊಟ್ಟೆಪಾಡಾಗುತ್ತದೆ ಎಂದು ನಮ್ಮ ನಿಗಮಕ್ಕೂ ಹೊಳೆಯಿತು. ಕೀಬೋರ್ಡ್, ಡ್ರಮ್, ಗಿಟಾರ್, ಬಾಸ್ ಗಿಟಾರ್, ಮೈಕು ಸೇರಿಸಿ ಒಂದು ಸೆಟ್ ಕೊಡುವುದೆಂದು ಯೋಜನೆಯಾಯಿತು. ಪೂರೈಕೆಯ ಗುತ್ತಿಗೆ ಹುಬ್ಬಳ್ಳಿಯ ಚಂದ್ರಕಾಂತ ಎಂಬ ವ್ಯಾಪಾರಿಗೆ ಸಿಕ್ಕಿತು. ಸಂಗೀತದ ಸಾಮಾನು ಯಂತ್ರವಲ್ಲ, ಅದಕ್ಕೆ ತಾಂತ್ರಿಕ ಪರಿಶೀಲನೆ ಯಾಕೆ ಎಂದು ನಮ್ಮ ಮ್ಯಾನೇಜರ್ ಸಾಹೇಬರು ತೀರ್ಮಾನಿಸಿ, ನನ್ನ ಕಣ್ಣಿಗೆ ಬೀಳಿಸದೆಯೇ ಮೊದಲ ಸೆಟ್ಟನ್ನು ನವಲಗುಂದ ತಾಲೂಕಿನ ಒಂದು ತಂಡಕ್ಕೆ ಕೊಟ್ಟುಬಿಟ್ಟರು.

ಕೇಳಿದ್ದರೆ ಹೇಳುತ್ತಿದ್ದೆ. ಆ ಕಚೇರಿಯಲ್ಲಿ ಬಾಸ್ ಗಿಟಾರ್ ನುಡಿಸಿ ಗೊತ್ತಿದ್ದವನು ನಾನೊಬ್ಬನೇ. ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಹುಬ್ಬಳ್ಳಿಯ ಆರ್ಕೆಸ್ಟ್ರಾವೊಂದರಲ್ಲಿ ಅದನ್ನೇ ನುಡಿಸುತ್ತಿದ್ದೆ. ನಾಲ್ಕು ದಪ್ಪ ತಂತಿಯ ಈ ವಾದ್ಯವನ್ನು ಕೇಳುಗರು ಗಮನಿಸುವುದೇ ಇಲ್ಲ. ಆದರೆ ಅದರ ಸ್ವರ ತಪ್ಪಿದರೆ ಹಾಡುವವನಿಗೆ ಕಾಲೂರಲು ನೆಲ ಇರುವುದಿಲ್ಲ, ಇಡೀ ತಂಡ ಅಪಸ್ವರ ಎನಿಸುತ್ತದೆ. ನನ್ನ ಬಾಸ್ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು. ಮೈ ಪ್ಲೈವುಡ್ಡಿನದು, ಬಣ್ಣ ಹಚ್ಚಿದವನಿಗೆ ಕಣ್ಣು ಕಾಣುತ್ತಿತ್ತೋ ಇಲ್ಲವೋ. ಕೊಳ್ಳುವ ದಿನ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ದುಮ್ಮವಾಡದಲ್ಲಿ ಬಡಿಗ. ಗಿಟಾರನ್ನು ಹುಟ್ಟಿದಾಗಿನಿಂದ ಕಂಡವನಲ್ಲ. ತೊಲೆಯನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ಅದರ ಕತ್ತಿನುದ್ದಕ್ಕೂ ನೋಡಿ, “ಡೊಂಕಿಲ್ಲ, ತಗೋ” ಅಂದ. ಆ ಅಗ್ಗದ ಬಾಸ್ ನನಗೆ ಒಂದು ದಿನವೂ ಕೈಕೊಡಲಿಲ್ಲ.

ಅಗ್ಗದ ಬಾಸನ್ನು ಪರೀಕ್ಷಿಸುವುದು ದೊಡ್ಡ ವಿದ್ಯೆಯೇನಲ್ಲ. ಮೈ ಯಾವ ಮರದ್ದು, ಬಣ್ಣ ಎಷ್ಟು ಹೊಳೆಯುತ್ತದೆ ಎಂದು ನೋಡುತ್ತ ಕೂರುವವನು ಮೋಸ ಹೋಗುತ್ತಾನೆ. ನೋಡಬೇಕಾದ್ದು ಕತ್ತು ನೆಟ್ಟಗಿದೆಯೇ, ತಂತಿ ಬಿಗಿಯುವ ಕಿವಿಗಳು ಸಡಿಲವಾಗದೆ ನಿಲ್ಲುತ್ತವೆಯೇ, ಒಳಗಿನ ತಂತಿಗಳನ್ನು ಸರಿಯಾಗಿ ಬೆಸೆದಿದ್ದಾರೆಯೇ ಎಂಬುದನ್ನು. ಎಲ್ಲಕ್ಕಿಂತ ಮುಖ್ಯವಾಗಿ ಅಳತೆ. ಬೆರಳು ಒತ್ತುವ ಹಲಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ, ಅವಕ್ಕೆ ಫ್ರೆಟ್ ಎನ್ನುತ್ತಾರೆ, ಎರಡು ಪಟ್ಟಿಗಳ ನಡುವಿನ ಜಾಗಕ್ಕೆ ಮನೆ. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಬರಬೇಕು. ಅಲ್ಲಿ ಒತ್ತಿದರೆ ಅದೇ ಸ್ವರ ಮೇಲಿನ ಸಪ್ತಕದಲ್ಲಿ ನುಡಿಯಬೇಕು. ನಡು ತಪ್ಪಿದರೆ ಆ ವಾದ್ಯವನ್ನು ಸಾಕ್ಷಾತ್ ಗಂಧರ್ವ ಬಂದರೂ ಸ್ವರಕ್ಕೆ ತರಲಾರ. ಅಳತೆಗೆ ಖರ್ಚಿಲ್ಲ. ಅಗ್ಗದ ವಾದ್ಯದಲ್ಲೂ ಅದನ್ನು ಸರಿಯಾಗಿ ಇಡಬಹುದು, ಇಡುವ ಮನಸ್ಸಿದ್ದರೆ.

ಜೂನ್ ಮೊದಲ ವಾರ ಕಚೇರಿಗೆ ಹೋದಾಗ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಗುಮಾಸ್ತರೊಬ್ಬರು ಚಹಾದ ಬಸಿ ಕೆಳಗಿಟ್ಟು, “ನಿಮ್ಮ ನವಲಗುಂದದ ಮಂದಿ ಗಿಟಾರ್ ಸುಟ್ಟು ತಿಂದ್ರಂತ್ರೀ” ಅಂದರು. ಮ್ಯಾನೇಜರ್ ಸಾಹೇಬರು ನನ್ನನ್ನು ಒಳಗೆ ಕರೆದರು. ಚಂದ್ರಕಾಂತ ದೂರು ಕೊಟ್ಟಿದ್ದನಂತೆ. ಮದುವೆಯೊಂದರಲ್ಲಿ ತಂಡದವರು ಬಾಸ್ ಗಿಟಾರನ್ನು ಬೆಂಕಿಗೆ ಹಿಡಿದು ಹಾಳು ಮಾಡಿದ್ದಾರೆ, ಈಗ ಸ್ವರ ಬರುವುದಿಲ್ಲ ಬದಲಿಸಿ ಕೊಡಿ ಎನ್ನುತ್ತಿದ್ದಾರೆ, ತನ್ನದೇನೂ ಹೊಣೆಯಿಲ್ಲ ಎಂಬುದು ದೂರು.

“ಬಡಿಗೇರ್ರ, ಹೋಗಿ ನೋಡಿದಂಗ ಮಾಡಿ ಎರಡ ಸಾಲ ಬರದ ಮುಗಸ್ರಿ” ಎಂದರು ಸಾಹೇಬರು. “ಸೆಟ್ ವಾಪಸ್ ತಗೋಳೂಣು. ಇಂಥಾವ್ರಿಗೆ ಇಂಥಾ ಸಾಮಾನ ಕೊಡೂದ ತಪ್ಪು. ಕುಂದಗೋಳ, ಕಲಘಟಗಿ ಸೆಟ್ಟೂ ಅಲ್ಲಿಗೇ ನಿಲ್ಲಸೂಣು.”

‘ಇಂಥವರು’ ಎಂದರೆ ಯಾರು ಎಂದು ನಾನು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಆ ತಂಡದ ಮನೆಗಳು ತಲೆತಲಾಂತರದಿಂದ ಊರಿಗೆ ಹಲಗೆ ಬಾರಿಸಿಕೊಂಡು ಬಂದ ಮನೆಗಳು. ಹಬ್ಬವಾದರೂ ಹೆಣವೆದ್ದರೂ ಊರವರು ಕರೆದಾಗ ಹೋಗಬೇಕು, ದೂರ ನಿಂತು ಬಾರಿಸಬೇಕು. ಆ ವರ್ಷ ಅಲ್ಲಿನ ಯುವಕರು ಇನ್ನು ಕರೆದಲ್ಲಿಗೆ ಹೋಗಿ ಹಲಗೆ ಬಾರಿಸುವುದಿಲ್ಲ, ನುಡಿಸಿದರೆ ವೇದಿಕೆಯ ಮೇಲೆ ನುಡಿಸುತ್ತೇವೆ ಎಂದು ಹೇಳಿ ಆರ್ಕೆಸ್ಟ್ರಾ ಕಟ್ಟಿದ್ದರು. ಸೆಟ್ ವಾಪಸ್ಸಾದರೆ ಅವರು ಮತ್ತೆ ಹಲಗೆ ಹಿಡಿದು ಅದೇ ಅಂಗಳದಲ್ಲಿ ನಿಲ್ಲಬೇಕು. ನನ್ನ ಎರಡು ಸಾಲಿನಲ್ಲಿ ಅಷ್ಟೆಲ್ಲ ಇತ್ತು.

ಮರುದಿನ ನವಲಗುಂದದ ಬಸ್ಸು ಹಿಡಿದೆ. ಅಲ್ಲಿಂದ ಯಮನೂರಿನ ಕಡೆಗೆ ಹೋಗುವ ಇನ್ನೊಂದು ಬಸ್ಸು. ಊರಿನ ಹೆಸರು ಬೇಡ, ಯಮನೂರಿಗೆ ಹತ್ತಿರ ಎಂದರೆ ಸಾಕು. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ತುಂಬಿದ ಕೊಡದಷ್ಟು ಭಾರವಾಯಿತು. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು, ಹೆಗಲಿಗೆ ಅಪ್ಪನ ಹಳೆಯ ಉಪಕರಣದ ಚೀಲ ಹಾಕಿಕೊಂಡು ನಡೆದೆ.

ಬಾಸ್ ನುಡಿಸುವವನು ಮಲ್ಲೇಶ. ಇಪ್ಪತ್ತಾರರ ಆಸುಪಾಸಿನ ಗಟ್ಟಿ ಆಳು, ಹುಬ್ಬಳ್ಳಿಯ ಪೆಂಡಾಲ್ ಅಂಗಡಿಯಲ್ಲಿ ದುಡಿಯುತ್ತ ಅಲ್ಲಿನ ತಂಡಗಳಿಂದ ಬಾಸ್ ಕಲಿತವನು. ಅವನ ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಗೂಟಕ್ಕೆ ತೂಗಿದ ಒಂದು ಹಲಗೆ. ನಾನು ಕಟ್ಟೆಯ ಮೇಲೆ ಕೂರುವ ಮುಂಚೆಯೇ ಒಳಗಿನಿಂದ ಒಬ್ಬ ಮುದುಕ ಬಂದು ಎರಡೂ ಕೈ ಜೋಡಿಸಿ ನಿಂತ. ಮಲ್ಲೇಶನ ಚಿಕ್ಕಪ್ಪ ಹನಮಂತಪ್ಪ. ಮನೆಯವರೆಲ್ಲ ಕಾಕಾ ಎನ್ನುತ್ತಿದ್ದರು.

“ಸಾಹೇಬ್ರ, ಹುಡುಗರಿಗೆ ಏನೂ ಅನಬ್ಯಾಡ್ರಿ. ಅದನ್ನ ಕಾಸಿದಂವ ನಾನು.”

ಹಲಗೆ ಬಾರಿಸುವವರ ಪದ್ಧತಿ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ. ಹಲಗೆಗೆ ಬಿಗಿದ ಚರ್ಮ ತಂಪಿಗೆ ಸಡಿಲಾಗುತ್ತದೆ, ದನಿ ಸತ್ತುಹೋಗುತ್ತದೆ. ಆದ್ದರಿಂದ ಬಾರಿಸುವ ಮೊದಲು ಒಣಗಿದ ಜೋಳದ ಸೊಪ್ಪೆ, ಹುಲ್ಲು ಏನಾದರೂ ಹಚ್ಚಿ ಆ ಉರಿಗೆ ಹಲಗೆಯನ್ನು ತಿರುಗಿಸುತ್ತ ಹಿಡಿಯುತ್ತಾರೆ. ಕಾದಂತೆ ಚರ್ಮ ಬಿಗಿಯಾಗಿ ದನಿ ಏರುತ್ತದೆ. ಹನಮಂತಪ್ಪನ ಜೀವನವೆಲ್ಲ ಹೀಗೆ ಕಾಸುವುದರಲ್ಲೇ ಕಳೆದಿತ್ತು. ವಾದ್ಯ ಸರಿಯಾಗಿ ನುಡಿಯದಿದ್ದರೆ ಅದಕ್ಕೆ ಕಾವು ಬೇಕು. ಅವನಿಗೆ ಗೊತ್ತಿದ್ದ ಔಷಧ ಅದೊಂದೇ.

ಅಣ್ಣಿಗೇರಿಯ ಕಡೆಯ ಒಂದು ಮದುವೆಯಲ್ಲಿ ಇವರ ಮೊದಲ ಕಾರ್ಯಕ್ರಮ. ಎರಡು ಹಾಡು ಮುಗಿಯುವಷ್ಟರಲ್ಲಿ ಹಾಡುಗಾರ ಮಲ್ಲೇಶನ ಕಡೆ ಕಣ್ಣು ಕೆಕ್ಕರಿಸತೊಡಗಿದ. ಜನ ಸಿಳ್ಳೆ ಹೊಡೆದರು. ನಡುವೆ ಬಿಡುವು ಸಿಕ್ಕಾಗ ಕಾಕಾ ಗಿಟಾರನ್ನು ಎತ್ತಿಕೊಂಡು ಪೆಂಡಾಲಿನ ಹಿಂದೆ ಹೋಗಿ, ಅಡುಗೆಯವರ ಒಲೆಯ ಬಾಜು ಹುಲ್ಲು ಹಚ್ಚಿ ಕಾಸಿದ. ನೋಡಿದವರು ನಾಲ್ಕು ಜನ, ನಕ್ಕವರು ನಾಲ್ಕು ನೂರು ಜನ. ಮತ್ತೆ ವೇದಿಕೆ ಹತ್ತಿದಾಗ ಸ್ವರ ಇನ್ನೂ ಕೆಟ್ಟಿತ್ತು. ಬೀಗರಲ್ಲಿ ಒಬ್ಬ ಮೈಕಿನ ಹತ್ತಿರವೇ ಬಂದು, “ಇದನ್ನ ಇಳಸ್ರಲೇ, ಹಲಗಿ ತಂದಿದ್ರ ಅದನ್ನ ಬಾರಸ್ರಿ” ಅಂದನಂತೆ. ಅವರು ಬಾರಿಸಲಿಲ್ಲ, ಊಟವನ್ನೂ ಮಾಡದೆ ಸಾಮಾನು ಕಟ್ಟಿಕೊಂಡು ಬಂದರು. ಇದನ್ನು ಹೇಳುವಾಗ ಮಲ್ಲೇಶ ನನ್ನ ಮುಖ ನೋಡಲಿಲ್ಲ.

ನಾನು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕತ್ತಿನ ಹಿಂಬದಿಯ ವಾರ್ನಿಷ್ ಗುಳ್ಳೆ ಎದ್ದಿತ್ತು. ಒಂದು ಕಣ್ಣು ಮುಚ್ಚಿ ನೋಡಿದರೆ ಕತ್ತು ನಿಜವಾಗಿಯೂ ಬಾಗಿತ್ತು. ಕತ್ತು ಬಾಗಿದರೆ ತಂತಿ ಎತ್ತರವಾಗುತ್ತದೆ, ಜೋರಾಗಿ ಒತ್ತಬೇಕಾಗುತ್ತದೆ, ಸ್ವರ ಏರುತ್ತದೆ. ಅಂದರೆ ಚಂದ್ರಕಾಂತನ ದೂರಿನಲ್ಲಿ ಸತ್ಯವಿತ್ತು. ಕಾಕಾನ ಮೇಲೆ ಸಿಟ್ಟು ಬಂತು. ಬೆಂಕಿಗೆ ಹಿಡಿಯುವುದಕ್ಕೆ ಇದೇನು ಬದನೆಕಾಯಿಯೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಲ್ಲೇಶ ಅಂದ:

“ಕಾಸೂಕಿಂತ ಮೊದಲ ಕೆಟ್ಟಿತ್ರಿ ಅದು. ತಂದ ದಿನಾನ ನೋಡೀನಿ. ಕೆಳಗಿನ ಮನ್ಯಾಗ ಚಲೋ ನುಡೀತಿತ್ತು, ಮ್ಯಾಲ ಕೈ ಹೋದಂಗೆಲ್ಲಾ ಸ್ವರಾ ಬಿಡ್ತಿತ್ತು. ನನ್ನ ಬಟ್ಟ ತಪ್ಪತಾವು ಅಂತ ತಿಳಕೊಂಡ ದಿನಾ ಸಾಧನಾ ಮಾಡಿದ್ನಿ.”

ಅವನು ಎಡಗೈ ತೋರಿಸಿದ. ಬೆರಳ ತುದಿಗಳು ಒಡೆದು, ಒಣಗಿ, ಮತ್ತೆ ಒಡೆದಿದ್ದವು.

ಗಿಟಾರಿನ ಕತ್ತಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಅದರ ತಿರುಪನ್ನು ಬಿಗಿದರೆ ಬಾಗಿದ ಕತ್ತು ನೆಟ್ಟಗಾಗುತ್ತದೆ. ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ನಡುನಡುವೆ ಮರಕ್ಕೆ ಸುಧಾರಿಸಿಕೊಳ್ಳಲು ಬಿಟ್ಟು, ಮನೆಯವರು ಕೊಟ್ಟ ಚಹಾ ಕುಡಿದು, ಮತ್ತೆ ಬಿಗಿದೆ. ಕತ್ತು ನೆಟ್ಟಗಾಯಿತು. ಬೆಂಕಿ ಮಾಡಿದ್ದ ಹಾನಿ ಅಷ್ಟೇ, ಅದು ಹೋಯಿತು. ಕರೆಂಟ್ ಇರಲಿಲ್ಲ. ಗಿಟಾರಿನ ಮೈಗೆ ಕಿವಿ ಹಚ್ಚಿ ತಂತಿ ಮೀಟಿದೆ. ಖಾಲಿ ತಂತಿ ಸರಿಯಾಗಿ ನುಡಿಯಿತು. ಹನ್ನೆರಡನೆಯ ಫ್ರೆಟ್ ಒತ್ತಿ ಮೀಟಿದೆ. ಹಲ್ಲು ಜುಮ್ಮೆನ್ನುವಂಥ ಅಪಸ್ವರ.

ಚೀಲದಿಂದ ಅಪ್ಪನ ಟೇಪು ತೆಗೆದೆ. ತಂತಿ ಶುರುವಾಗುವಲ್ಲಿಂದ ಹನ್ನೆರಡನೆಯ ಫ್ರೆಟ್ಟಿಗೆ ಹದಿನೇಳು ಇಂಚು. ಅಲ್ಲಿಂದ ತಂತಿ ಮುಗಿಯುವ ಬ್ರಿಜ್‌ವರೆಗೂ ಹದಿನೇಳೇ ಇರಬೇಕು, ಕೂದಲೆಳೆ ಹೆಚ್ಚಿದ್ದರೂ ನಡೆಯುತ್ತದೆ. ಇದ್ದದ್ದು ಹದಿನಾರೂಕಾಲು. ಬ್ರಿಜ್‌ನ ಮೇಲೆ ತಂತಿ ಕೂರುವ ತುಂಡುಗಳನ್ನು ಹಿಂದಕ್ಕೆ ಸರಿಸಿ ಸರಿಪಡಿಸೋಣವೆಂದರೆ ಅವು ಆಗಲೇ ಹಿಂದಿನ ಅಂಚಿಗೆ ಹೋಗಿ ಕೂತಿದ್ದವು. ಮುಕ್ಕಾಲು ಇಂಚು ತಪ್ಪು! ಮೂವತ್ತನಾಲ್ಕು ಇಂಚಿನ ತಂತಿಗೆ ಮಾಡಿದ ಕತ್ತನ್ನು ತಂದು, ಅದಕ್ಕಿಂತ ಗಿಡ್ಡ ಗಿಟಾರಿನ ಮೈಗೆ ತಿರುಪು ಹಾಕಿ ಕೂರಿಸಿದ್ದರು. ಒಬ್ಬನ ಅಂಗಿಯ ತೋಳನ್ನು ಇನ್ನೊಬ್ಬನ ಅಂಗಿಗೆ ಹೊಲಿದ ಹಾಗೆ. ಕೈಗೆ ಸಿಕ್ಕಿದ ಉಳಿಕೆ ಭಾಗಗಳನ್ನು ಜೋಡಿಸಿ, ಮೇಲೆ ಕೆಂಪು ಬಣ್ಣ ಬಳಿದು, ಬಡವರಿಗೆ ಕೊಡುವ ಮಾಲು ಎಂದು ಕಳಿಸಿದ್ದರು. ಮಲ್ಲೇಶ ಬೆರಳು ಒಡೆದುಕೊಂಡು ಸಾಧನೆ ಮಾಡುತ್ತಿದ್ದದ್ದು ಇದರ ಮೇಲೆ.

ಅವತ್ತು ಬಂದ ಸಿಟ್ಟಿನಲ್ಲಿ ಅದೇ ಅಳತೆಯನ್ನು ಮತ್ತೆ ಎರಡು ಸಲ ಹಿಡಿದು ನೋಡಿದೆ.

ಕಾಕಾನನ್ನು ಕರೆದು ತೋರಿಸಿದೆ. “ನೋಡ್ರಿ, ತಪ್ಪ ಇರೂದು ಇಲ್ಲಿ. ಬೆಂಕಿ ತಾಗಿದ್ರ ತಿರುಪಿನ ತೂತು ತಾವ ನಡಕೋತ ಮುಂದ ಬರ್ತಾವೇನು? ನಿಮ್ಮಿಂದ ಏನೂ ಆಗಿಲ್ಲ.” ಕಾಕಾ ಬಗ್ಗಿ ಟೇಪನ್ನು ನೋಡಿದ. ಆಮೇಲೆ ಒಪ್ಪದೆ ತಲೆ ಅಲ್ಲಾಡಿಸಿದ.

“ನನ್ನ ಸಮಾಧಾನಕ್ಕ ಹೇಳಾಕತ್ತೀರಿ ಸಾಹೇಬ್ರ. ಮದುವಿ ಮಂದೆಲ್ಲಾ ನೋಡೇತಿ. ಹುಡುಗರ ಅನ್ನಕ್ಕ ಬೆಂಕಿ ಹಚ್ಚಿದಂವ ನಾನು.”

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಮದುವೆಯಾದ ದಿನದಿಂದ ಕಾಕಾ ಸರಿಯಾಗಿ ಉಣ್ಣುತ್ತಿಲ್ಲ, ಗೂಟದ ಹಲಗೆಯನ್ನು ಮುಟ್ಟಿಲ್ಲ ಎಂದು ಮಲ್ಲೇಶ ಬಸ್ಸಿನ ತನಕ ಬಂದು ಹೇಳಿದ. ಕಚೇರಿಯ ಉಗ್ರಾಣದಲ್ಲಿ ಕುಂದಗೋಳ ಮತ್ತು ಕಲಘಟಗಿಯ ತಂಡಗಳಿಗೆ ಕೊಡಬೇಕಾದ ಸೆಟ್ಟುಗಳು ಸೀಲು ಒಡೆಯದೆ ಬಿದ್ದಿದ್ದವು. ಸೋಮವಾರ ಕಾಕಾನನ್ನು ಕರೆದುಕೊಂಡು ಧಾರವಾಡಕ್ಕೆ ಬಾ ಎಂದು ಮಲ್ಲೇಶನಿಗೆ ಹೇಳಿದೆ.

ಸೋಮವಾರ ನಾನು ಕಚೇರಿಗೆ ಮನೆಯಿಂದ ನನ್ನ ಹಳೆಯ ಬಾಸನ್ನೂ ಹೊತ್ತುಕೊಂಡು ಹೋದೆ. ಚಂದ್ರಕಾಂತ ಮೊದಲೇ ಬಂದು ಸಾಹೇಬರ ಎದುರು ಕಾಲಮೇಲೆ ಕಾಲು ಹಾಕಿ ಕೂತಿದ್ದ. ನಾನು ಅಳತೆಯ ವಿಷಯ ಹೇಳಿದೆ. ಅವನು ನಕ್ಕ.

“ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ. ನುಡಿಸಾಕ ಬರಂಗಿಲ್ಲ ಅವ್ರಿಗೆ, ಅದಕ್ಕ ಗಿಟಾರ್ ಡೊಂಕು.”

“ನಾ ಕುಣಿಯೋದನ್ನ ನೋಡಾಕ ಹೋಗಿರ್ಲಿಲ್ರಿ. ನೆಲಾನ ಅಳದ ಬಂದೇನಿ. ನೆಲಾನ ಡೊಂಕ ಐತಿ” ಅಂದೆ.

“ಸುಟ್ಟ ಮ್ಯಾಲ ಎಲ್ಲಾನೂ ಡೊಂಕ ಆಗತೈತ್ರಿ” ಎಂದು ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಹೌದೆನ್ನುವಂತೆ ತಲೆಯಾಡಿಸಿದರು. ಹಾಗಾದರೆ ಸುಡದೆ ಇರುವುದನ್ನು ಅಳೆಯೋಣ, ಉಗ್ರಾಣದ ಪೆಟ್ಟಿಗೆ ಒಡೆಯೋಣ ಎಂದೆ. ಸಾಹೇಬರ ನಗು ಹೋಯಿತು. ಸೀಲು ಒಡೆದರೆ ಜವಾಬ್ದಾರಿ ಯಾರದು ಎಂದರು. ನನ್ನದು ಎಂದು ಎದ್ದೆ. ಅವರು ಬೇಡ ಎನ್ನುವುದರೊಳಗೆ ಉಗ್ರಾಣದಲ್ಲಿದ್ದೆ. ನನಗೆ ಸಿಟ್ಟು ಬಂದರೆ ಕಾಲುಗಳು ಬೇಗ ನಡೆಯುತ್ತವೆ. ಸಾಹೇಬರೂ ಚಂದ್ರಕಾಂತನೂ ನನ್ನ ಹಿಂದೆಯೇ ಬಂದರು.

ಹೊರಗೆ ಬಾಗಿಲ ಬಳಿ ನಿಂತಿದ್ದ ಮಲ್ಲೇಶ ಮತ್ತು ಕಾಕಾನನ್ನು ಒಳಗೆ ಕರೆದೆ. ಅಪ್ಪನ ಉಳಿಯಿಂದಲೇ ಪೆಟ್ಟಿಗೆಯ ಹಲಗೆ ಎಬ್ಬಿಸಿದೆ. ಅದೇ ಕೆಂಪು ಬಣ್ಣದ ಬಾಸು, ಹೊಸ ವಾರ್ನಿಷಿನ ವಾಸನೆ ಇನ್ನೂ ಇತ್ತು. ಟೇಪಿನ ಒಂದು ತುದಿಯನ್ನು ಸಾಹೇಬರ ಕೈಗೇ ಕೊಟ್ಟೆ. ಹನ್ನೆರಡನೆಯ ಫ್ರೆಟ್ಟಿನ ತನಕ ಹದಿನೇಳು. ಅಲ್ಲಿಂದ ಬ್ರಿಜ್‌ಗೆ ಹದಿನಾರೂಕಾಲು. ಎರಡನೆಯ ಪೆಟ್ಟಿಗೆ ಒಡೆದೆ, ಅದೂ ಅಷ್ಟೇ. ಕಾಕಾ ಮೆಲ್ಲಗೆ ಮುಂದೆ ಬಂದು, ಬಗ್ಗಿ, ಗಿಟಾರಿನ ಕತ್ತಿನ ಹಿಂಬದಿಯಲ್ಲಿ ಗುಳ್ಳೆಯೇನಾದರೂ ಇದೆಯೇ ಎಂದು ನೋಡಿದ. ಮುಟ್ಟಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

“ಸಾಹೇಬ್ರ, ಹಂಗಾರ ಇದನ್ನ ಯಾರು ಕಾಸಿದ್ರಿ?”

ವ್ಯಂಗ್ಯಕ್ಕೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು ಸಾಹೇಬರನ್ನು ನೋಡಿದೆ, ಸಾಹೇಬರು ಚಂದ್ರಕಾಂತನನ್ನು ನೋಡಿದರು, ಚಂದ್ರಕಾಂತ ಕೈಗಡಿಯಾರ ನೋಡಿಕೊಂಡ.

ಆಮೇಲೆ ಅವನು ದಾರಿ ಬದಲಿಸಿದ. “ಅಗ್ಗದ ಮಾಲಿಗೆ ಇಷ್ಟ ಬರೂದ್ರಿ. ಇವ್ರೇನು ಮುಂಬೈದಾಗ ನುಡಸೂ ಮಂದಿಯೇನು? ಧಡ್ ಧಡ್ ಅಂದ್ರ ಆತು, ಇವ್ರಿಗೆ ಇಷ್ಟ ಸಾಕು.”

ಅಷ್ಟು ಹೊತ್ತು ತಡೆದುಕೊಂಡಿದ್ದೆ, ಆ ‘ಸಾಕು’ ಎಂಬ ಮಾತಿಗೆ ತಡೆ ಒಡೆಯಿತು. ಅವತ್ತು ಏನೇನು ಅಂದೆನೋ ಎಲ್ಲವೂ ನೆನಪಿಲ್ಲ, ನೆನಪಿದ್ದದ್ದನ್ನೆಲ್ಲ ಇಲ್ಲಿ ಬರೆಯುವ ಹಾಗೂ ಇಲ್ಲ. ಕಚೇರಿಯವರೆಲ್ಲ ಎದ್ದು ಉಗ್ರಾಣದ ಬಾಗಿಲಿಗೆ ಬಂದರು. ನನ್ನ ಹಳೆಯ ಬಾಸನ್ನು ಚೀಲದಿಂದ ತೆಗೆದು, ಇದು ನೀನು ಕೊಟ್ಟದ್ದಕ್ಕಿಂತ ಅಗ್ಗದ್ದು, ಮೈ ಬರೀ ಪ್ಲೈವುಡ್ಡು, ಬಣ್ಣ ನೋಡು ಕಜ್ಜಿ ಹತ್ತಿದ ಹಾಗಿದೆ ಎಂದು ಚಂದ್ರಕಾಂತನ ಮೂಗಿನ ಮುಂದೆ ಹಿಡಿದು, ಆಮೇಲೆ ಮಲ್ಲೇಶನಿಗೆ ಕೊಟ್ಟೆ. ಪರೀಕ್ಷೆಗೆಂದು ಇಟ್ಟಿದ್ದ ಧ್ವನಿವರ್ಧಕವೊಂದಕ್ಕೆ ವೈರು ಸಿಗಿಸಿದೆ. “ನುಡಸು. ಕೆಳಗಿಂದ ಮ್ಯಾಲಿನ ತನಕಾ ಹೋಗು” ಅಂದೆ.

ಮಲ್ಲೇಶ ಕೆಳಗಿನ ಮನೆಗಳಿಂದ ಶುರು ಮಾಡಿದ. ಕೈ ಮೇಲಕ್ಕೆ ಹೋಗುತ್ತಿದ್ದಂತೆ ಅವನ ಭುಜ ಬಿಗಿಯಾದದ್ದು ನನಗೆ ಕಂಡಿತು. ಏಳನೆಯ ಫ್ರೆಟ್, ಒಂಬತ್ತು, ಹನ್ನೆರಡು. ಸ್ವರ ಬಿಡಲಿಲ್ಲ. ಅವನು ನಿಲ್ಲಿಸಿ ತನ್ನ ಎಡಗೈಯನ್ನು ನೋಡಿಕೊಂಡ. ಮತ್ತೊಮ್ಮೆ ಕೆಳಗಿನಿಂದ ಮೇಲಿನವರೆಗೆ ಹೋದ. ಮತ್ತೊಮ್ಮೆ. ಮೂರನೆಯ ಸಲ ಅವನ ಕಣ್ಣಲ್ಲಿ ನೀರಿತ್ತು.

“ಕಾಕಾ, ನನ್ನ ಬಟ್ಟ ಬರೋಬ್ಬರಿ ಅದಾವ” ಅಂದ.

ಇಷ್ಟಾದ ಮೇಲೂ ಸಾಹೇಬರಿಗೆ ನನ್ನ ವರದಿ ಬೇಡವಾಗಿತ್ತು. ಹೇಗೋ ಒಳಗೊಳಗೇ ಮುಗಿಸೋಣ ಎಂದರು. ನಾನು ಬರೆದೆ. ಮಾಲು ಕಳಪೆ, ಬೆಂಕಿಗೂ ದೋಷಕ್ಕೂ ಸಂಬಂಧವಿಲ್ಲ, ಸೀಲು ಒಡೆಯದ ಪೆಟ್ಟಿಗೆಗಳಲ್ಲೂ ಇದೇ ದೋಷ. ಬಾಸ್‌ಗಳು ವಾಪಸ್ಸು ಹೋದವು. ಬೇರೆ ಕಡೆಯಿಂದ ತರಿಸುವಾಗ ಈ ಸಲ ನನ್ನನ್ನೇ ಕಳಿಸಿದರು. ನಾನು ಆರಿಸಿದ್ದೂ ಅಗ್ಗದ್ದೇ, ಅದೇ ಬೆಲೆಯ ಆಸುಪಾಸಿನದು. ಮೈ ಪ್ಲೈವುಡ್, ಕಿವಿಗಳು ತುಸು ಒರಟು, ಬಣ್ಣ ಸೆಗಣಿ ಸಾರಿಸಿದ ಹಾಗೆ. ಆದರೆ ಕತ್ತು ನೆಟ್ಟಗೆ, ನಡು ನಡುವಿನಲ್ಲೇ. ಮಲ್ಲೇಶನ ತಂಡ ಆ ದೀಪಾವಳಿಯಿಂದ ಕಾರ್ಯಕ್ರಮ ಕೊಡತೊಡಗಿತು. ಕುಂದಗೋಳದಲ್ಲೊಮ್ಮೆ ನಾನೂ ಹೋಗಿ ಕೇಳಿದೆ. ಸಂಗೀತ ಕೇಳಿ ಪಳಗಿದ ಊರದು, ಅಪಸ್ವರ ಬಂದರೆ ಎದ್ದು ಹೋಗುತ್ತಾರೆ. ಯಾರೂ ಏಳಲಿಲ್ಲ.

ಚಂದ್ರಕಾಂತನಿಗೆ ಏನಾಯಿತು ಎಂದು ಓದುಗರು ಕೇಳಬಹುದು. ಏನೂ ಆಗಲಿಲ್ಲ. ಮುಂದಿನ ವರ್ಷ ಅವನೇ ಹೊಲಿಗೆ ಯಂತ್ರ ಪೂರೈಸಿದ. ಸಾಹೇಬರಿಗೆ ಬಡ್ತಿ ಸಿಕ್ಕಿತು. ಆ ಊರಿಗೆ ಹೋಗಿ, ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಹನಮಂತಪ್ಪನದು ತಪ್ಪಿಲ್ಲ ಎಂದು ಒಂದು ಮಾತು ಹೇಳಿ ಬನ್ನಿ ಎಂದು ಸಾಹೇಬರಲ್ಲಿ ಕೇಳಿಕೊಂಡಿದ್ದೆ. “ಸಾಮಾನ ಬದಲಿ ಮಾಡಿ ಕೊಟ್ಟೇವಲ್ರೀ, ಮತ್ತೇನ ಬೇಕು? ಊರಿನ ಬಾಯಿ ತೊಳಿಯೂದು ನಮ್ಮ ಕೆಲಸೇನು?” ಅಂದರು.

ಮೂರು ವರ್ಷದ ನಂತರ ಪಂಪ್‌ಸೆಟ್ ನೋಡಲು ಆ ಕಡೆ ಹೋಗಿದ್ದೆ. ಮಲ್ಲೇಶನ ಮನೆಯವರು ಊರ ಇನ್ನೊಂದು ಬದಿಯ ಹೊಸ ಮನೆಗೆ ಹೋಗಿದ್ದಾರೆಂದು ಕೇಳಿದ್ದೆ. ಬಸ್ಸಿಳಿದು ಚಹಾದ ಅಂಗಡಿಯವನನ್ನು ಆರ್ಕೆಸ್ಟ್ರಾ ಮಲ್ಲೇಶನ ಮನೆ ಎಲ್ಲಿ ಎಂದು ವಿಚಾರಿಸಿದೆ.

“ಯಾವ ಮಲ್ಲೇಶ್ರಿ? ಗಿಟಾರ್ ಸುಟ್ಟ ಹನಮಂತನ ಮನೀ ಹುಡುಗೇನು? ಸೀದಾ 'ಗಿಟಾರ್ ಸುಟ್ಟ ಹನಮಂತನ ಮನಿ' ಅಂತ ಕೇಳ್ಕೋತ ಹೋಗ್ರಿ, ಕೂಸೂ ತೋರಸ್ತಾವು.”

ಕುಡಿಯುತ್ತಿದ್ದ ಚಹಾದ ಬಸಿಯನ್ನು ಕಟ್ಟೆಯ ಮೇಲೆ ಕುಕ್ಕಿದೆ. ಅವನ ಗಲ್ಲಾಪೆಟ್ಟಿಗೆಯ ಮೇಲಿದ್ದ ಪೊಟ್ಟಣ ಕಟ್ಟುವ ದಾರ ಎಳೆದುಕೊಂಡು, ಎರಡು ಮಡಿಕೆ ಮಾಡಿ, ನಡು ತೋರಿಸಿ, ಇಲ್ಲಿರಬೇಕಾದ್ದು ಅಲ್ಲಿತ್ತು, ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ, ಸುಡದ ಗಿಟಾರುಗಳೂ ಹಾಗೇ ಇದ್ದವು ಎಂದು ಅಲ್ಲಿ ಕೂತವರಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ. ಬೀಡಿ ಸೇದುತ್ತಿದ್ದವರು ಸೇದುವುದನ್ನು ಬಿಟ್ಟು ಕೇಳಿದರು. ಅಂಗಡಿಯವನು ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ದಾರವನ್ನು ಮತ್ತೆ ಸುತ್ತಿಟ್ಟುಕೊಳ್ಳುತ್ತ ಅಂದ:

“ಖರೇರೀ ಸಾಹೇಬ್ರ, ನೀವು ಹೇಳೂದು ಅಗದಿ ಖರೆ. ಆದ್ರ ಊರಾಗ ಹನಮಂತಪ್ಪಗೋಳು ನಾಕ್ ಮಂದಿ ಅದಾರ. ಹಂಗಂದ್ರನ ಗೊತ್ತಾಗೂದ್ರಿ.”

ಹೊಸ ಮನೆಯ ಅಂಗಳದಲ್ಲಿ ಕಾಕಾ ಕೌದಿ ಹೊದ್ದು ಕೂತಿದ್ದ. ಬಹಳ ಇಳಿದುಹೋಗಿದ್ದ. ಒಳಗಿನಿಂದ ಮಲ್ಲೇಶ ಬಾಸ್ ನುಡಿಸುವುದು ಕೇಳುತ್ತಿತ್ತು, ಕೆಳಗಿನಿಂದ ಮೇಲಿನ ತನಕ ಸರಾಗವಾಗಿ. ನನ್ನನ್ನು ನೋಡಿ ಕಾಕಾನಿಗೆ ಹಿಗ್ಗೋ ಹಿಗ್ಗು. ಹಾಸಲು ಕಂಬಳಿ ತರಿಸಿದ.

“ಹೊಸಾ ಮನಿ ಐತಿ, ಹುಡುಕಾಕ ತ್ರಾಸ ಆತೇನ್ರಿ? ಯಾರ ಹೆಸರ ಹೇಳಿ ಕೇಳಿದ್ರಿ?”

“ಆರ್ಕೆಸ್ಟ್ರಾ ಮಲ್ಲೇಶನ ಮನಿ ಅಂದೆ, ತೋರ್ಸಿದ್ರು” ಎಂದೆ.

ಕಾಕಾ ನನ್ನ ಮುಖವನ್ನೇ ನೋಡಿದ. ಆಮೇಲೆ ನಕ್ಕು, “ಹೌದ್ರಿ, ಮಲ್ಲೇಶನ ಹೆಸರಲೆ ತೋರಸ್ತಾರ” ಎಂದು ಕೌದಿಯನ್ನು ಭುಜದ ಮೇಲೆ ಎಳೆದುಕೊಂಡ.

ಆ ನೌಕರಿ ನನಗೆ ಕಲಿಸಿದ್ದು ಇಷ್ಟು. ಬಡವನ ಕೈಗೆ ಹೋದ ವಸ್ತು ಕೆಟ್ಟಿತು, ಕೆಡಿಸಿದವನು ಅವನೇ ಎಂದು ಯಾರಾದರೂ ಹೇಳಿದರೆ, ಅವನ ಕೈ ಇನ್ನೂ ಮುಟ್ಟದ ಪೆಟ್ಟಿಗೆಯನ್ನು ಮೊದಲು ಒಡೆಯಬೇಕು. ಆಮೇಲಿನ ನೌಕರಿಯುದ್ದಕ್ಕೂ ಹಾಗೇ ಮಾಡಿದೆ. ಕೆಲವೊಮ್ಮೆ ತಪ್ಪು ಬಳಸಿದವರದೇ ಇರುತ್ತಿತ್ತು, ಹಾಗೆಂದೇ ಬರೆದೆ. ಆದರೆ ಪೆಟ್ಟಿಗೆ ಒಡೆಯದೆ ಬರೆಯಲಿಲ್ಲ. ಇದರಿಂದ ಕೆಟ್ಟ ಮಾಲನ್ನು ಬದಲಿಸಬಹುದು. ಒಮ್ಮೆ ಊರ ಬಾಯಿಗೆ ಬಿದ್ದ ಹೆಸರನ್ನು ಬದಲಿಸುವ ದಾರಿ ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ. ಕಾಕಾ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಮನೆಗೆ ಈಗಲೂ ಅದೇ ಹೆಸರಿದೆಯಂತೆ. ಆ ಕಡೆಯವರು ಯಾರಾದರೂ ಇದನ್ನು ಓದಿದರೆ, ಚಹಾದ ಅಂಗಡಿಯಲ್ಲಿ ದಾರಿ ಹೇಳುವಾಗ ದಯವಿಟ್ಟು ನೆನಪಿಡಿ. ಹನಮಂತಪ್ಪ ಗಿಟಾರ್ ಸುಡಲಿಲ್ಲ.